ಕಾಲರ್ ಬೋನ್ ನಾಲ್ಕು ತಿಂಗಳಾದರೂ ಕೂಡಿಲ್ಲ, ಅನುಭವ ಇದ್ದವರು ಹೇಳಿ

ತಿಪಟೂರು ಕೊಬ್ಬರಿ:
ನಾಯಿ ಅಡ್ಡ ಬಂದು ಬೈಕಿನಿಂದ ಬಿದ್ದೆ. ಎಡಗಡೆ ಕಾಲರ್ ಬೋನ್ (ಕುತ್ತಿಗೆ ಕೆಳಗೆ ಭುಜದವರೆಗಿನ ಮೂಳೆ) ನಡುವೆ ಮುರಿದು ತುಂಡು ಸರಿದಿದೆ. ವಯಸ್ಸು 41. ಬರೀ ಆರ್ಮ್ ಪೌಚ್ (ಕೈಗೆ ಜೋಲಿ) ಹಾಕಿದರು. ನಾಲ್ಕು ತಿಂಗಳಾದರೂ ಎಕ್ಸ್‌ರೇಯಲ್ಲಿ ಗೆರೆ ಹಾಗೇ ಇದೆ. ಒಬ್ಬ ಡಾಕ್ಟರ್ ಆರು ತಿಂಗಳವರೆಗೆ ನೋಡೋಣ ಅಂತಾರೆ, ಇನ್ನೊಬ್ಬರು ಈಗಲೇ ಪ್ಲೇಟ್ ಹಾಕಿಸಿ ಅಂತಾರೆ. ನೋವು ಕಡಿಮೆ, ಆದರೆ ಮೂಟೆ ಎತ್ತೋಕೆ ಆಗುತ್ತಿಲ್ಲ. ಏನು ಮಾಡಲಿ?

ಶಿವಮೊಗ್ಗ ಸವಾರ:
ಹಾಕಿಸಿಬಿಡಿ. ನನ್ನದೂ ನಡುವೆಯೇ ಮುರಿದಿತ್ತು. ತುಂಡುಗಳು ಎರಡು ಸೆಂಟಿಮೀಟರಿಗಿಂತ ಜಾಸ್ತಿ ಒಂದರ ಮೇಲೊಂದು ಏರಿ ಭುಜ ಗಿಡ್ಡ ಆಗಿತ್ತು. ಮೊದಲ ವಾರದಲ್ಲೇ ಆಪರೇಷನ್ ಆಯಿತು. ಬಿಲ್ ಹೇಳುತ್ತೇನೆ. ಟೈಟಾನಿಯಂ ಪ್ಲೇಟ್, ಸ್ಕ್ರೂ ಸೇರಿ 38,000. ಸರ್ಜನ್ ಫೀಸು 35,000. ಓಟಿ 22,000. ಅರಿವಳಿಕೆ 9,000. ಔಷಧಿ 14,200. ರೂಮು ದಿನಕ್ಕೆ 3,500. ಇನ್ಶೂರೆನ್ಸ್‌ನವರು ಗ್ಲೌಸು, ಸಿರಿಂಜು, ಹತ್ತಿ ಅಂತ ಲೆಕ್ಕ ಹಾಕಿ 11,600 ಕತ್ತರಿಸಿದರು. ಫಿಸಿಯೋಗೆ ಒಂದು ಪೈಸೆ ಕೊಡಲಿಲ್ಲ. ಹೊಲಿಗೆಯ ಕೆಳಗೆ ಅಂಗೈಯಗಲ ಚರ್ಮಕ್ಕೆ ಈಗಲೂ ಸ್ಪರ್ಶ ಇಲ್ಲ. ಬ್ಯಾಗಿನ ಪಟ್ಟಿ ತಾಗಿದರೆ ಪ್ಲೇಟ್ ಒತ್ತುತ್ತದೆ. ಆದರೆ ಮೂಳೆ ಗಟ್ಟಿ. ಕಾಯುವವರು ಕಾಯುತ್ತಾ ಕೂರಲಿ.

ದಾವಣಗೆರೆ ಅಮ್ಮ:
"ಕಾಯುತ್ತಾ ಕೂರಲಿ" ಅಂದರೇನು ಸಾರ್? ನಾನು ಕಾದೆ, ಕೂಡಿತು. ನನಗೆ 54. ಬಚ್ಚಲಲ್ಲಿ ಜಾರಿ ಬಿದ್ದಿದ್ದು. ಮೂರನೇ ತಿಂಗಳ ಎಕ್ಸ್‌ರೇ ನೋಡಿ ಒಬ್ಬ ಡಾಕ್ಟರ್ ನಾಳೆಯೇ ಅಡ್ಮಿಟ್ ಆಗಿ ಅಂದರು. ಇನ್ನೊಬ್ಬರು ಸಿಟಿ ಸ್ಕ್ಯಾನ್ ಮಾಡಿಸಿದರು, 4,500 ಆಯಿತು. ಎಕ್ಸ್‌ರೇಯಲ್ಲಿ ಕಾಣದ ಹೊಸ ಮೂಳೆ ಹಿಂದಿನ ಕಡೆ ಬೆಳೆದಿತ್ತು! ಡಿ ವಿಟಮಿನ್ ಬರೀ 9 ಇತ್ತು. ವಾರಕ್ಕೊಂದರಂತೆ 60,000 ಯೂನಿಟ್ಟಿನ ಮಾತ್ರೆ ಕೊಟ್ಟರು. ಮಲಗಲು ಆಗದೆ ಈಜಿ ಚೇರಿನಲ್ಲೇ ರಾತ್ರಿ ಕಳೆದೆ. ಗಂಟು ಉಳಿದಿದೆ, ಬ್ಲೌಸಿನ ಅಂಚಿನಲ್ಲಿ ಕಾಣುತ್ತದೆ. ಇರಲಿ ಬಿಡಿ. ನನ್ನ ಮೈಯಲ್ಲಿ ಲೋಹ ಇಲ್ಲ.

ಕೋಲಾರದ ಮಗ:
ಎರಡೂ ಬೇಡ. ನಮ್ಮ ತಂದೆಗೆ ನಾಟಿ ಕಟ್ಟು ಹಾಕಿಸಿದೆವು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರು ದಬ್ಬೆ. ಕಟ್ಟಿಗೆ 800 ಅಷ್ಟೇ, ಕಾರಿನ ಬಾಡಿಗೆಯೇ ಜಾಸ್ತಿ. ಎರಡು ತಿಂಗಳಲ್ಲಿ ಟೊಮ್ಯಾಟೊ ಕ್ರೇಟ್ ಎತ್ತಿದರು. ಲಕ್ಷಗಟ್ಟಲೆ ಬಿಲ್ ತೋರಿಸುವವರಿಗೆ ಇದು ಹಿಡಿಸಲ್ಲ.

ಮೈಸೂರು ಫಿಸಿಯೋ:
ಅಣ್ಣ, ನಿಮ್ಮ ತಂದೆಯ ಮೂಳೆ ಕಟ್ಟಿನಿಂದ ಕೂಡಿತು ಅಂತ ಹೇಗೆ ಹೇಳುತ್ತೀರಿ? ಈ ಮೂಳೆ ಎಷ್ಟೋ ಜನರಿಗೆ ಸುಮ್ನೆ ಜೋಲಿ ಹಾಕಿದರೂ ಕೂಡುತ್ತದೆ. ಭುಜಕ್ಕೆ ಬಿದಿರು ಕಟ್ಟಿದರೆ ಮುರಿದ ತುದಿ ನಿಲ್ಲುವುದಿಲ್ಲ. ಕಂಕುಳಲ್ಲಿ ಬಿಗಿದರೆ ನರ, ರಕ್ತನಾಳ ಒತ್ತುತ್ತವೆ. ಬೆರಳು ಜೋಮು ಹಿಡಿದು ಬಂದವರಿಗೆ, ಭುಜ ಮರಗಟ್ಟಿ ಬಂದವರಿಗೆ ವ್ಯಾಯಾಮ ಮಾಡಿಸುವುದು ನಾನು. ಆಸ್ಪತ್ರೆಯವರು ಕೊಡುವ ಎಂಟರ ಆಕಾರದ ಬೆಲ್ಟ್ ಕೂಡ ಜೋಲಿಗಿಂತ ಹೆಚ್ಚಿನದೇನೂ ಮಾಡುವುದಿಲ್ಲ, ಕಂಕುಳು ನೋಯುತ್ತದೆ ಅಷ್ಟೇ.

ಶಿವಮೊಗ್ಗದ ಸಾರ್, ನಿಮಗೂ ಒಂದು ಮಾತು. ಕೆನಡಾದ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತುಂಡು ಪೂರ್ತಿ ಸರಿದವರನ್ನೇ ನೋಡಿದ್ದರು. ಜೋಲಿ ಹಾಕಿದ 49 ಜನರಲ್ಲಿ 7 ಜನರಿಗೆ ಕೂಡಲಿಲ್ಲ. ಪ್ಲೇಟ್ ಹಾಕಿದ 62ರಲ್ಲಿ 2 ಜನರಿಗೆ ಕೂಡಲಿಲ್ಲ. ಪ್ಲೇಟ್ ವಾಸಿ, ಒಪ್ಪುತ್ತೇನೆ. ಆದರೆ ಜೋಲಿಯಲ್ಲೇ ಕೂಡಿದವರು 42 ಜನ ಅಲ್ವಾ?

ಕೋಲಾರದ ಮಗ:
ಕೆನಡಾದವರು ನಮ್ಮೂರಿಗೆ ಬಂದು ನೋಡಿದ್ದಾರಾ ಮೇಡಂ? ನಮ್ಮ ತಂದೆ ಕಣ್ಣೆದುರಿಗಿದ್ದಾರೆ.

ಬೆಳಗಾವಿ:
ಎಲ್ಲರೂ ಕೂಡಿದ ಕಥೆ ಹೇಳುತ್ತಿದ್ದೀರಿ. ನನ್ನದು ಕೂಡಲೇ ಇಲ್ಲ. ವರ್ಷ ಕಳೆದರೂ ಕೈ ಎತ್ತಿದರೆ ಒಳಗೆ ಟಕ್ ಅನ್ನುತ್ತಿತ್ತು, ತುಂಡು ಅಲ್ಲಾಡುವುದು ಬೆರಳಿಗೆ ಸಿಗುತ್ತಿತ್ತು. ಸಿಗರೇಟು ಬಿಡುವವರೆಗೆ ಆಪರೇಷನ್ ಇಲ್ಲ ಅಂದರು ಡಾಕ್ಟರ್. ಹೊಗೆ ಮೂಳೆ ಬೆಳೆಯಲು ಬಿಡುವುದಿಲ್ಲವಂತೆ. ಬಿಟ್ಟೆ. ಸೊಂಟದ ಮೂಳೆ ಕೆತ್ತಿ ತೆಗೆದು ಅಲ್ಲಿ ತುಂಬಿ ಪ್ಲೇಟ್ ಹಾಕಿದರು. ಭುಜಕ್ಕಿಂತ ಸೊಂಟವೇ ಜಾಸ್ತಿ ನೋಯಿತು. ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ಖರ್ಚು ಕೇಳಿ. ಆಯುಷ್ಮಾನ್ ಕಾರ್ಡ್ ಇತ್ತು, ಆದರೆ ನಮ್ಮದು ಎಪಿಎಲ್. ಆಪರೇಷನ್‌ಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ 30% ಮಾತ್ರ ಸಿಗುತ್ತದೆ. ಅದಕ್ಕೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿಗೆ ಅಲೆದಿದ್ದು ಬೇರೆಯೇ ಕಥೆ. ಕೊನೆಗೆ ಕೈಯಿಂದ 86,000 ಹೋಯಿತು, ಅದೂ ಸ್ಟೀಲ್ ಪ್ಲೇಟಿಗೆ.

ಶಿವಮೊಗ್ಗ ಸವಾರ:
ಸ್ಟೀಲ್ ಆದರೆ ಆಮೇಲೆ ತೆಗೆಸಬೇಕು. ನಾನು ಅದಕ್ಕೇ ಟೈಟಾನಿಯಂ ಹಾಕಿಸಿದ್ದು.

ಬೆಳಗಾವಿ:
ಯಾರು ಹೇಳಿದ್ದು? ತೊಂದರೆ ಕೊಡದಿದ್ದರೆ ಸ್ಟೀಲೂ ಒಳಗೇ ಇರಬಹುದು. ಚುಚ್ಚುತ್ತಿರುವುದು ನಿಮ್ಮ ಟೈಟಾನಿಯಂ, ನೀವೇ ಬರೆದಿದ್ದೀರಿ.

ದಾವಣಗೆರೆ ಅಮ್ಮ:
ನೋಡಿ, ಅದಕ್ಕೇ ಹೇಳಿದ್ದು ಲೋಹವೇ ಬೇಡ ಅಂತ.

ಬೆಳಗಾವಿ:
ಅಮ್ಮ, ನಿಮ್ಮದು ಕೂಡಿತು, ಸಂತೋಷ. ಕೂಡದವರಿಗೆ ಬೇಡ ಅನ್ನಬೇಡಿ. ಆ ಟಕ್ ಶಬ್ದ ಹೊತ್ತುಕೊಂಡು ಬದುಕಿದವನು ನಾನು.

ತಿಪಟೂರು ಕೊಬ್ಬರಿ:
ಬೀಡಿ ಸಿಗರೇಟು ಇಲ್ಲ. ಟಕ್ ಅನ್ನುವುದಿಲ್ಲ, ಅಲ್ಲಾಡುವುದೂ ಇಲ್ಲ. ಸಿಟಿ, ಡಿ ವಿಟಮಿನ್ ಎರಡನ್ನೂ ಯಾರೂ ಮಾಡಿಸಿರಲಿಲ್ಲ. ಸೋಮವಾರ ಹೋಗಿ ಕೇಳುತ್ತೇನೆ. ಅಲ್ಲಿಯವರೆಗೆ ಕೈ ಆಡಿಸಬಹುದಾ?

ಮೈಸೂರು ಫಿಸಿಯೋ:
ಮೊಣಕೈ, ಮಣಿಕಟ್ಟು, ಬೆರಳು ದಿನಾ ಆಡಿಸಿ. ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಸ್ಕ್ಯಾನ್ ನೋಡಿದ ಡಾಕ್ಟರನ್ನು ಕೇಳಿಯೇ. ಮೂಟೆ ಬೇಡವೇ ಬೇಡ.

ಶಿವಮೊಗ್ಗ ಸವಾರ:
ಮೇಡಂ, ಪ್ಲೇಟ್ ಇದ್ದಿದ್ದರೆ ಇಷ್ಟೊತ್ತಿಗೆ ಮೂಟೆಯೂ ಎತ್ತುತ್ತಿದ್ದರು.

ಕೋಲಾರದ ಮಗ:
ಕಟ್ಟು ಹಾಕಿಸಿದ್ದರೂ ಎತ್ತುತ್ತಿದ್ದರು.