ಪದಚರ್ಚೆ: ದೇವತಾ ಮುದ್ರೆಯೋ, ದೇವತಾ ಹಸ್ತವೋ?

ಪ್ರಶ್ನೆ:
ನಮ್ಮ ನೃತ್ಯ ತರಗತಿ ಮಕ್ಕಳ ಫೋಟೋ ಪ್ರದರ್ಶನಕ್ಕೆ ಬೋರ್ಡ್ ಬರೆಸಬೇಕು. ಭರತನಾಟ್ಯದಲ್ಲಿ ಬ್ರಹ್ಮ, ವಿಷ್ಣು, ಶಿವ, ಸರಸ್ವತಿಯರನ್ನು ಕೈಯಲ್ಲೇ ತೋರಿಸುತ್ತಾರಲ್ಲ, ಅದಕ್ಕೆ ‘ದೇವತಾ ಮುದ್ರೆ’ ಅನ್ನಲೋ, ‘ದೇವತಾ ಹಸ್ತ’ ಅನ್ನಲೋ? ನಾಳೆ ಬೆಳಗ್ಗೆ ಪ್ರೆಸ್‌ಗೆ ಕೊಡಬೇಕು.

ಉತ್ತರ:
ಎರಡೂ ಬೇಡ. ಎರಡೂ ಸಂಸ್ಕೃತ. ಕೈ ಅನ್ನುವ ಪದ ಇರುವಾಗ ಹಸ್ತ ಯಾಕೆ? ‘ದೇವರ ಕೈಸನ್ನೆ’ ಅಂತ ಬರೆಸಿ.

ಇನ್ನೊಂದು ಉತ್ತರ:
ಕೈಸನ್ನೆ ನಡೆಯುವುದಿಲ್ಲ. ಕೈಸನ್ನೆ ಅಂದರೆ ‘ಬಾ’, ‘ಹೋಗು’ ಅಂತ ಇನ್ನೊಬ್ಬರಿಗೆ ತಿಳಿಸುವುದು. ‘ದೇವರ ಕೈಸನ್ನೆ’ ಅಂದರೆ ದೇವರೇ ಯಾರನ್ನೋ ಕರೆದ ಹಾಗಾಯಿತು. ಇಲ್ಲಿ ಕೈ ಯಾರನ್ನೂ ಕರೆಯುತ್ತಿಲ್ಲ, ದೇವರ ರೂಪವನ್ನೇ ಕಟ್ಟುತ್ತಿದೆ. ಶಿವನಿಗೆ ಎಡಗೈ ಮೃಗಶೀರ್ಷ, ಅಂದರೆ ಜಿಂಕೆಯ ತಲೆಯ ಆಕಾರ; ಬಲಗೈ ತ್ರಿಪತಾಕ, ಅಂದರೆ ಉಂಗುರ ಬೆರಳು ಮಾತ್ರ ಮಡಚಿದ ಕೈ. ನಮ್ಮ ಕಡೆಯ ಶಿವನ ಮೂರ್ತಿಗಳ ಎಡಗೈಯಲ್ಲಿ ಜಿಂಕೆ ನೋಡಿದ್ದೀರಿ ಅಲ್ವಾ? ಕುಣಿಯುವವಳು ಅದನ್ನು ಬೆರಳಲ್ಲೇ ಮಾಡುತ್ತಾಳೆ. ವೇಷವಿಲ್ಲ, ಕಿರೀಟವಿಲ್ಲ. ಒಬ್ಬಳೇ ಶಿವನೂ ಆಗಬೇಕು, ಮರುಕ್ಷಣ ಪಾರ್ವತಿಯೂ ಆಗಬೇಕು.

ನೃತ್ಯದ ಹಳೆಯ ಸಂಸ್ಕೃತ ಗ್ರಂಥ ‘ಅಭಿನಯದರ್ಪಣ’ ಇವನ್ನು ಹಸ್ತ ಅಂತಲೇ ಕರೆಯುತ್ತದೆ. ಮುದ್ರೆ ಅಂದರೆ ನಮಗೆ ಮೊದಲು ಮೊಹರು ನೆನಪಾಗುತ್ತದೆ. ಅದನ್ನು ಬಿಡಿ.

ಇನ್ನು ಸಂಸ್ಕೃತ ಬೇಡ ಅನ್ನುವವರು ‘ಸನ್ನೆ’ಯನ್ನು ಎಲ್ಲಿಂದ ತಂದರು? ಅದು ‘ಸಂಜ್ಞೆ’ಯ ತದ್ಭವ. ಹಸ್ತ, ಮೃಗಶಿರ ಎರಡೂ ನಮ್ಮ ರೈತರ ಬಾಯಲ್ಲಿ ಮಳೆಯ ಹೆಸರುಗಳು. ಅವನ್ನೂ ಹೊರಗೆ ಹಾಕುತ್ತೀರಾ?

ಮೊದಲು ಉತ್ತರಿಸಿದವರು:
ತದ್ಭವ ಆದಮೇಲೆ ಅದು ಕನ್ನಡವೇ. ನಮ್ಮ ನಾಲಿಗೆಗೆ ಒಗ್ಗಿ ಬದಲಾದ ಪದ ಬೇರೆ, ಸುಮ್ನೆ ಎತ್ತಿ ತಂದಿಟ್ಟ ಪದ ಬೇರೆ. ‘ಕಪಿತ್ಥ’ ಅಂತ ಒಂದು ಹಸ್ತದ ಹೆಸರನ್ನು ಬೋರ್ಡಿನಲ್ಲಿ ಹಾಕಿದರೆ ಎಷ್ಟು ಜನಕ್ಕೆ ಗೊತ್ತಾಗುತ್ತೆ? ಬೇಲದ ಹಣ್ಣು ಅಂದರೆ ಶಿವರಾತ್ರಿಗೆ ಪಾನಕ ಕುಡಿದ ಮಗುವಿಗೂ ಗೊತ್ತು. ಬಂದವರಿಗೆ ಅರ್ಥ ಆಗದ ಬೋರ್ಡ್ ಯಾಕೆ ಬೇಕು?

ಎರಡನೆಯವರು:
ಬೇಲದ ಹಣ್ಣಿನ ಮಾತು ಒಪ್ಪಿದೆ. ಪ್ರತಿ ಫೋಟೋ ಕೆಳಗೆ ಹಸ್ತದ ಹೆಸರು, ಪಕ್ಕದಲ್ಲಿ ಕನ್ನಡ ಅರ್ಥ ಕೊಡಿ: ಮೃಗಶೀರ್ಷ, ಜಿಂಕೆಯ ತಲೆ, ಕಪಿತ್ಥ, ಬೇಲದ ಹಣ್ಣು. ಆದರೆ ತಲೆಬರಹ ‘ದೇವತಾ ಹಸ್ತಗಳು’ ಅಂತಲೇ ಇರಲಿ. ತರಗತಿಯಲ್ಲಿ ಗುರುಗಳು ದಿನವೂ ‘ಹಸ್ತ ಸರಿಯಾಗಿ ಹಿಡಿ’ ಅನ್ನುತ್ತಾರೆ. ಆ ಮಕ್ಕಳು ಅದೇ ಪದದಲ್ಲಿ ಕಲಿತಿದ್ದಾರೆ. ಅವರ ಫೋಟೋಗೆ ಬೇರೆ ಹೆಸರು ಕೊಡಬೇಡಿ.

ಒಂದು ಮಾತು. ಸರಸ್ವತಿಗೆ ಬಲಗೈ ಸೂಚಿ, ಅಂದರೆ ಸೂಜಿ; ಎಡಗೈ ಕಪಿತ್ಥ. ಪ್ರೆಸ್‌ನವರು ಫೋಟೋವನ್ನು ಎಡಬಲ ಉಲ್ಟಾ ಮಾಡದ ಹಾಗೆ ನೋಡಿಕೊಳ್ಳಿ.