ಪದ ಬೇಕು (ತುರ್ತು): ಹೆಣ ನೋಡಿ ಸಾವಿನ ಕಾರಣ ಹೇಳುವವಳಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಭಾನುವಾರ ಸಂಜೆಯೊಳಗೆ ಒಂದು ಪದ ಬೇಕಿತ್ತು. ಮನೆಯವರಿಗೆ ತೋರಿಸಲು ನಾನು, ತಮ್ಮ ಸೇರಿ ಒಂದು ಚೀನೀ ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. 'ದಿ ಇಂಪೀರಿಯಲ್ ಕರೋನರ್', 2021ರದ್ದು, 36 ಕಂತು. ಚೀನಾದ ತಾಂಗ್ ಅರಸರ ಕಾಲದ ಕಥೆ. ಚೂ ಚೂ ಎಂಬ ಹುಡುಗಿ ರಾಜಧಾನಿ ಚಾಂಗ್‌ಆನ್‌ಗೆ ಬಂದು ಸರ್ಕಾರಿ ಕೆಲಸದ ಪರೀಕ್ಷೆಗೆ ಕೂರುತ್ತಾಳೆ. ಕೆಲಸ ಏನಪ್ಪಾ ಅಂದರೆ ಹೆಣ ನೋಡಿ, ಹೇಗೆ ಸತ್ತ ಅಂತ ಹೇಳುವುದು. ಚೀನೀ ಪದ 'ವೂತ್ಸ್ವೊ'.

ಇದನ್ನು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ನಗು ಇರುವುದೇ ಅಲ್ಲಿ. 'ವೈದ್ಯೆ' ಅಂತ ಬರೆದರೆ ಸಪ್ಪೆ. 'ಕರೋನರ್' ಅಂತಲೇ ಬಿಟ್ಟು ಮೊದಲ ಕಂತು ತೋರಿಸಿದೆವು. ಅಜ್ಜಿ, "ಆಗಲೇ ಕೊರೊನಾ ಬಂದಿತ್ತೇನೇ?" ಅಂದರು.

ಚಿಕ್ಕ ಪದ ಇರಲಿ. ಪರದೆ ಮೇಲೆ ಎರಡು ಸೆಕೆಂಡು ಅಷ್ಟೇ ಇರುತ್ತದೆ.

– ಸು.

*

ಶವಪರೀಕ್ಷಕಿ. ಗಂಡಸಾದರೆ ಶವಪರೀಕ್ಷಕ. ಇದಕ್ಕೆ ಚರ್ಚೆ ಬೇಕೆ?

– ನಾ.ಭ.

*

ಬೇಕು. 'ಪರೀಕ್ಷಕಿ' ಅಂದರೆ ಜನಕ್ಕೆ ನೆನಪಾಗುವುದು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವವರು. ಇಲ್ಲಿ ಆ ಹುಡುಗಿ ಪರೀಕ್ಷೆಗೆ ಬೇರೆ ಕೂರುತ್ತಾಳೆ. 'ಶವಪರೀಕ್ಷಕಿ ಪರೀಕ್ಷೆಯ ಪರೀಕ್ಷಕರು ಬಂದರು.' ಒಂದು ಸಲ ಜೋರಾಗಿ ಓದಿ ನೋಡಿ ರಾಯರೇ.

ಮದುವಣಿಗ, ಮದುವಣಗಿತ್ತಿ. ಒಕ್ಕಲಿಗ, ಒಕ್ಕಲಗಿತ್ತಿ. ಹೂವಾಡಿಗ, ಹೂವಾಡಗಿತ್ತಿ. ಹಾಗಾದರೆ ಹೆಣಿಗ, ಹೆಣಗಿತ್ತಿ. ಪೆಣ ಹೆಣವಾದದ್ದು ಪಾಲು ಹಾಲಾದ ಹಾಗೆ, ತಮಿಳಿನಲ್ಲಿ ಇನ್ನೂ ಪಿಣಂ. ಅಪ್ಪಟ ನಮ್ಮ ಬೇರು, ನಮ್ಮದೇ ಪ್ರತ್ಯಯ. ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲೇ ಸೂಲಗಿತ್ತಿ ನಿಂತಿದ್ದಾಳೆ. ಹುಟ್ಟಿಗೆ ಅವಳು, ಸಾವಿಗೆ ಇವಳು. ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವೇ ಇಲ್ಲ.

– ಕೆ.

*

ನಾನು ಠಾಣೆಯಲ್ಲಿ ರೈಟರ್ ಆಗಿ ನಿವೃತ್ತನಾದವನು. ವ್ಯಾಕರಣ ಗೊತ್ತಿಲ್ಲ, ಕೆಲಸ ಗೊತ್ತು.

ಇದರಲ್ಲಿ ಎರಡು ಕೆಲಸ ಇವೆ, ಬೆರೆಸಬೇಡಿ. ಪಂಚರನ್ನು ಕೂರಿಸಿಕೊಂಡು ಹೆಣದ ಮೇಲಿನ ಗಾಯ, ಗುರುತು, ಬಟ್ಟೆ ಎಲ್ಲ ನೋಡಿ ಬರೆಯುವುದು ಶವ ಮಹಜರು. ಅದನ್ನು ಪೊಲೀಸರು ಮಾಡುತ್ತಾರೆ. ಕೊಯ್ದು ನೋಡುವುದು ಪೋಸ್ಟ್‌ಮಾರ್ಟಂ, ಅದು ಡಾಕ್ಟರದ್ದು. ಈ ಹುಡುಗಿ ಕೊಯ್ಯುತ್ತಾಳೋ, ಬರೀ ನೋಡುತ್ತಾಳೋ? ನೋಡುವುದಾದರೆ 'ಮಹಜರಮ್ಮ' ಅನ್ನಿ. ನಗುವೂ ಬರುತ್ತದೆ.

ಇನ್ನು ಕರೋನರ್ ಎಂಬ ಹುದ್ದೆ ಕೋಲ್ಕತ್ತ, ಮುಂಬೈ ಕಡೆ ಇತ್ತು. ಮುಂಬೈಯಲ್ಲಿ 1999ರಲ್ಲಿ ತೆಗೆದರು. ನಮ್ಮ ಠಾಣೆಯಲ್ಲಿ ಆ ಪದ ಯಾರ ಬಾಯಲ್ಲೂ ಕೇಳಿಲ್ಲ.

– ಎಂ.

*

ಸಂಸ್ಕೃತ ಬೇಡ, ಆದರೆ ಮಹಜರು ಆಗಬಹುದೇ? ಅದು ಅರಬ್ಬಿ. 'ಹಾಜರು' ಎಲ್ಲಿಂದ ಬಂತೋ ಅದೇ ಧಾತು. ಎಲ್ಲರೂ ಹಾಜರಿದ್ದಾಗ ಬರೆದದ್ದು ಮಹಜರು. ಪಂಚನಾಮೆಯಂತೂ ಅರ್ಧ ಇಲ್ಲಿಯದು, ಅರ್ಧ ಪಾರಸಿ. ಕೆ. ಅವರ ಶುದ್ಧಗನ್ನಡದ ಜರಡಿಯಲ್ಲಿ ಸಂಸ್ಕೃತಕ್ಕೆ ಮಾತ್ರ ತೂತು ಸಣ್ಣದು.

ಅಜ್ಜಿಯವರು ತಪ್ಪು ಕೇಳಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೊರೊನಾ ಅಂದರೆ ಲ್ಯಾಟಿನ್ನಿನಲ್ಲಿ ಕಿರೀಟ. ವೈರಸ್ಸಿಗೆ ಆ ಹೆಸರು ಬಂದದ್ದು ಅದರ ಮೈಮೇಲಿನ ಮುಳ್ಳುಗಳಿಂದ. ಕರೋನರ್‌ಗೆ ಬಂದದ್ದು ಅವನು ಕಿರೀಟದ, ಅಂದರೆ ಅರಸನ, ಅಧಿಕಾರಿ ಆಗಿದ್ದರಿಂದ. ಇಂಗ್ಲೆಂಡಿನಲ್ಲಿ 1194ರಿಂದ ಇರುವ ಹುದ್ದೆ. ಚೀನಾದ ಬಡ ಹುಡುಗಿಗೆ ಇಂಗ್ಲಿಷಿನವರು ಆ ಕಿರೀಟ ಇಟ್ಟದ್ದೇ ಮೊದಲ ತಪ್ಪು.

– ನಾ.ಭ.

*

ಸಂಸ್ಕೃತಕ್ಕೆ ತೂತು ಸಣ್ಣದಲ್ಲ, ಸಂಸ್ಕೃತದ ಪದಗಳು ದಪ್ಪ.

– ಕೆ.

*

ನಾನು ಸಿಂಗಪುರದಲ್ಲಿದ್ದೇನೆ, ಇಲ್ಲಿ ಸ್ವಲ್ಪ ಚೀನೀ ಕಲಿತಿದ್ದೇನೆ. ಪದದ ಅರ್ಥವನ್ನೇ ಯಾರೂ ಕೇಳಲಿಲ್ಲವಲ್ಲ!

ವೂತ್ಸ್ವೊ ಅಂದರೆ ಡಾಕ್ಟರೂ ಅಲ್ಲ, ಅಧಿಕಾರಿಯೂ ಅಲ್ಲ. ಮೊದಲಿಗೆ ಹೆಣ ತೊಳೆದು, ಬಟ್ಟೆ ಉಡಿಸಿ, ಹೂಳುವ ಕೆಲಸದವರು. ಹೆಣದ ಜೊತೆಗೇ ಬದುಕಿದ್ದರಿಂದ ಗಾಯದ ತಿಳಿವಳಿಕೆ ಅವರಲ್ಲಿತ್ತು. ಹಾಗಾಗಿ ಸರ್ಕಾರ ಅವರನ್ನು ಕರೆಸುತ್ತಿತ್ತು. ಇವರು ಹೆಣ ತೊಳೆದು, ಗಾಯ ಅಳೆದು ಕೂಗಿ ಹೇಳುವುದು. ಅಧಿಕಾರಿ ಪಕ್ಕದಲ್ಲಿ ನಿಂತು ಬರೆಸುವುದು. ಕೊಯ್ಯುವ ಪದ್ಧತಿ ಇರಲಿಲ್ಲ. ಎಂ. ಅವರ ಅನುಮಾನ ಸರಿ, ಇದು ಮಹಜರಿಗೇ ಹತ್ತಿರ.

ಈ ವಿದ್ಯೆಯ ದೊಡ್ಡ ಪುಸ್ತಕ ಬರೆದವನು ಸೋಂಗ್ ತ್ಸಿ, 1247ರಲ್ಲಿ. ಅವನು ನ್ಯಾಯಾಧಿಕಾರಿ, ವೂತ್ಸ್ವೊ ಅಲ್ಲ. ಕುಡುಗೋಲಿನ ಕಥೆ ಕೇಳಿರಬಹುದು. ಊರಿನಲ್ಲಿ ಕೊಲೆ ಆಗಿದೆ, ಗಾಯ ನೋಡಿದರೆ ಕುಡುಗೋಲಿನದು. ಊರವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ಸಾಲಾಗಿ ಇಡಿಸಿದರು. ನೊಣ ಮುತ್ತಿದ್ದು ಒಂದಕ್ಕೆ ಮಾತ್ರ. ತೊಳೆದಿದ್ದರೂ ರಕ್ತದ ವಾಸನೆ ಉಳಿದಿತ್ತು. ಈ ಕಥೆ ಅದೇ ಪುಸ್ತಕದ್ದು. ಹೆಣದ ಬಾಯಿಗೆ ಬೆಳ್ಳಿ ಕಡ್ಡಿ ಇಟ್ಟು ವಿಷ ನೋಡುವುದೂ ಅದರಲ್ಲಿದೆ. ಕಪ್ಪಾದ ಕಡ್ಡಿಯನ್ನು ನಮ್ಮ ಸೀಗೆಯಂಥ ನೊರೆಕಾಯಿಯ ನೀರಲ್ಲಿ ತೊಳೆಯಬೇಕು. ಹೋಗದಿದ್ದರೆ ವಿಷ. (ಬೆಳ್ಳಿ ಕಪ್ಪಾಗುತ್ತಿದ್ದದ್ದು ಪಾಷಾಣದಿಂದಲ್ಲ, ಅದರಲ್ಲಿ ಬೆರೆತ ಗಂಧಕದಿಂದ. ಕೊಳೆತ ಮೊಟ್ಟೆಗೂ ಕಪ್ಪಾಗುತ್ತದೆ. ಎಷ್ಟು ಜನ ಸುಮ್ನೆ ಸಿಕ್ಕಿಬಿದ್ದರೋ!)

ಸಬ್‌ಟೈಟಲ್ಲಿನಲ್ಲಿ 'ಆರ್ಸೆನಿಕ್' ಬರೆಯಬೇಡಿ ತಂಗಿ. ಪಾಷಾಣ ಸಾಕು.

ಒಬ್ಬರು ನನಗೆ ಪ್ರತ್ಯೇಕ ಮೇಲ್ ಮಾಡಿ, ಊರಿನಲ್ಲಿ ಹೆಣದ ಕೆಲಸ ಮಾಡುತ್ತಿದ್ದ ಕುಲದ ಹೆಸರನ್ನೇ ಹಾಕಿ ಅಂದಿದ್ದಾರೆ. ಬೇಡ. ಚೀನಾದಲ್ಲೂ ಇವರನ್ನು ಕೀಳಾಗಿ ಕಂಡರು, ಚಿಂಗ್ ಅರಸರ ಕಾಲದಲ್ಲಿ ಇವರ ಮಕ್ಕಳಿಗೆ ರಾಜ್ಯದ ದೊಡ್ಡ ಪರೀಕ್ಷೆಗೆ ಕೂರುವ ಹಕ್ಕೇ ಇರಲಿಲ್ಲ. ಅದನ್ನು ತೋರಿಸಲು ನಮ್ಮ ಜನರ ಹೆಸರನ್ನು ಎಳೆದು ತರಬೇಕಿಲ್ಲ.

ಕೆ. ಅವರಿಗೆ ಒಂದು ಕಾಣಿಕೆ. ಸತ್ತವರು ಹೆಂಗಸಾದರೆ, ಕೆಲವು ಭಾಗ ನೋಡಲು ಸೋಂಗ್ ತ್ಸಿ ಕರೆಸು ಅನ್ನುವುದು ಯಾರನ್ನು ಗೊತ್ತೇ? ಸೂಲಗಿತ್ತಿಯನ್ನು.

– ವ.

*

ನೋಡಿದಿರಾ!

– ಕೆ.

*

ಏನು ನೋಡುವುದು? ತಾಂಗ್ ಮುಗಿದದ್ದು 907ರಲ್ಲಿ. ಅದಕ್ಕೂ ಸೋಂಗ್ ತ್ಸಿಗೂ ಮುನ್ನೂರು ಚಿಲ್ಲರೆ ವರ್ಷ ಅಂತರ. ಸೂಲಗಿತ್ತಿ ಬಂದ ಮಾತ್ರಕ್ಕೆ ಹೆಣಗಿತ್ತಿ ಪದ ಆಗುವುದಿಲ್ಲ. ಓದುವವರು ಅದನ್ನು 'ಹೆಣಗು' ಕ್ರಿಯಾಪದ ಅಂದುಕೊಳ್ಳುತ್ತಾರೆ. ಹೆಣಗಿತ್ತು, ಹೆಣಗಾಡಿತ್ತು. ಅದರ ಬಳಗವೇ ಬೇರೆ: ಹೆಣೆ, ಹೆಣಿಗೆ, ಹೆಣಗು. ಹೆಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇನ್ನು 'ಹೆಣಿಗ' ಅಂದರೆ ಜಡೆ ಹಾಕುವವನು ಅಂದುಕೊಂಡಾರು.

– ನಾ.ಭ.

*

ಸೂಲಗಿತ್ತಿಯನ್ನು ಯಾರೂ 'ಸೂಲಿತ್ತು' ಅಂತ ಓದಲಿಲ್ಲ. ಬಳಸಿದರೆ ಪದ ಬದುಕುತ್ತದೆ, ಬಳಸದಿದ್ದರೆ ನಿಮ್ಮ ನಿಘಂಟಿನಲ್ಲಿ ಮಲಗಿರುತ್ತದೆ. ಮಲಗಿದ್ದನ್ನು ನೋಡಲು ಆ ಹುಡುಗಿಯನ್ನೇ ಕರೆಸಬೇಕು.

– ಕೆ.

*

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮುಗಿಸಿದೆವು.

ಚೂ ಚೂ ಬಾಯಲ್ಲಿ 'ಹೆಣಗಿತ್ತಿ'. ಅವಳು ಹೇಳಿಕೊಳ್ಳುವಾಗ ಅದೇ ಚೆಂದ ಕೇಳಿಸುತ್ತದೆ. ಕಚೇರಿಯ ಅಧಿಕಾರಿಗಳು ಮಾತಾಡುವಾಗ, ಕಾಗದಪತ್ರ ತೋರಿಸುವಾಗ 'ಶವಪರೀಕ್ಷಕಿ'. ಭಟ್ಟರ ಪದ ಅಲ್ಲಿ ಸರಿಯಾಗಿ ಕೂತಿತು, ಅಧಿಕಾರಿಗಳು ಹಾಗೇ ಮಾತಾಡುತ್ತಾರಲ್ವಾ? ಅವಳು ತೊಳೆದು, ಅಳೆದು ನೋಡುವ ಕೆಲಸಕ್ಕೆ 'ಮಹಜರು'. 'ಮಹಜರಮ್ಮ' ತಮ್ಮನಿಗೆ ಜಾಸ್ತಿ ಇಷ್ಟ ಆಗಿತ್ತು, ನಾನು ಬಿಡಲಿಲ್ಲ.

ಹೆಣಗು ಎಂದು ಓದುವ ಭಯ ನಿಜ. ಆದರೆ ನಮಗೆ ಲಾಭವೇ ಆಯಿತು. ಒಂದು ಕಡೆ ಅವಳು ಹೆಣ ತಿರುಗಿಸಲು ಒದ್ದಾಡುತ್ತಿರುವಾಗ ತಮ್ಮ ತಾನೇ ಒಂದು ಸಾಲು ಸೇರಿಸಿದ: 'ಹೆಣಗಿತ್ತಿ ಹೆಣಗುತ್ತಿದ್ದಾಳೆ.' ಅಜ್ಜಿ ನಕ್ಕರು. ಆಮೇಲೆ, "ಥೂ, ಸಂಜೆ ಹೊತ್ತು ಆ ಪದ ಆಡಬೇಡ" ಅಂದರು.

ಈಗ ಇನ್ನೊಂದು. ಅಧಿಕಾರಿ ಕೂತು ನ್ಯಾಯ ಹೇಳುವ, ಹಿಂದೆ ಮನೆಯೂ ಇರುವ ಜಾಗಕ್ಕೆ 'ಯಾಮೆನ್' ಅನ್ನುತ್ತಾರೆ. ಸದ್ಯಕ್ಕೆ 'ಕಚೇರಿ' ಹಾಕಿದ್ದೇನೆ. ಇದಕ್ಕೆ?

– ಸು.

*

ಕಚೇರಿ ಹಿಂದೂಸ್ತಾನಿ. ಚಾವಡಿ.

– ಕೆ.

*

ನ್ಯಾಯಸ್ಥಾನ.

– ನಾ.ಭ.