ಆದ್ಯ, ಆದ್ಯಾ, ಆಧ್ಯ: ಸಂಜೆ ಆರಕ್ಕೆ ಅಚ್ಚಿಗೆ ಹೋಗುತ್ತೆ, ದಯವಿಟ್ಟು ಬೇಗ ಹೇಳಿ

ತುಮಕೂರಿನ ಸೋದರತ್ತೆ:
ಎಲ್ಲರಿಗೂ ನಮಸ್ಕಾರ. ಭಾನುವಾರ ಅಣ್ಣನ ಮಗಳ ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ನಾನು. 'ಆದ್ಯ' ಅಂತ ಗೊತ್ತಾಗಿದೆ (ನಮ್ಮ ಅಪಾರ್ಟ್‌ಮೆಂಟಿನಲ್ಲೇ ಆಗಲೇ ಮೂರು ಜನ ಆದ್ಯ ಇದ್ದಾರೆ, ಅದಿರಲಿ). ಪ್ರೆಸ್ಸಿನಿಂದ ಬಂದ ಆಮಂತ್ರಣ ಪತ್ರಿಕೆಯ ಪ್ರೂಫಿನಲ್ಲಿ 'ಆಧ್ಯ' ಅಂತಿದೆ. ಕೇಳಿದರೆ, "ನೀವೇ ಇಂಗ್ಲಿಷಲ್ಲಿ ವಾಟ್ಸಾಪ್ ಮಾಡಿದ್ರಲ್ಲ ಮೇಡಂ, ಡಿ ಆದ್ಮೇಲೆ ಎಚ್ ಇತ್ತು" ಅಂದರು. ಅತ್ತಿಗೆಗೆ ಕೊನೆಯಲ್ಲಿ ದೀರ್ಘ ಬೇಕಂತೆ. 'ಆದ್ಯಳ ನಾಮಕರಣ'ವೋ, 'ಆದ್ಯಾಳ'ವೋ?

ಹುಬ್ಬಳ್ಳಿಯ ಡಿಟಿಪಿಯವರು:
ದ. ಆದಿಯಿಂದ ಆದ್ಯ. ಆದ್ಯಂತ, ಆದ್ಯತೆ, ಆದ್ಯ ವಚನಕಾರ ಎಲ್ಲಾ ಅದೇ ದ ಅಲ್ರೀ. 'ಆಧ್ಯ' ಅಂದ್ರ 'ಆಧ್ಯಾತ್ಮಿಕ'ದ ತಲಿ ಕಡದು ತಂದಂಗ.
ಎಚ್ ತಂದಿಟ್ಟದ್ದು ನಮ್ಮ ಕಡಿ ರೂಢಿ. ಟ-ತ, ಡ-ದ ಬೇರೆ ಕಾಣ್ಲಿ ಅಂತ ತ, ದಗಳಿಗೆ ಎಚ್ ಹಚ್ತೀವಿ. ಲತಾ ಮಂಗೇಶ್ಕರ್ ಹೆಸರಿನ್ಯಾಗ ಎಚ್ ಇಲ್ಲ, ನಮ್ಮ ಓಣಿ ಲತಾಗಳಿಗೆಲ್ಲಾ ಐತಿ. ಕಂಪ್ಯೂಟರಿನ 'ನುಡಿ' ತಂತ್ರಾಂಶದೊಳಗ ಧ ಬೇಕಂದ್ರ ಶಿಫ್ಟ್ ಒತ್ತಬೇಕು, ಕೈ ಒಂದ್ಸಲ ವಿಚಾರ ಮಾಡ್ತೈತಿ. ಫೋನಿನ್ಯಾಗ ಎಚ್ ಬಿತ್ತೋ, ಧ ಆತು.

ಮೈಸೂರಿನ ನಿವೃತ್ತ ಮೇಷ್ಟ್ರು:
ಅದು ಇತ್ಯರ್ಥವಾಗಿರುವ ವಿಷಯ. ದೀರ್ಘಕ್ಕೆ ಬನ್ನಿ. ಸಂಸ್ಕೃತದ ಆಕಾರಾಂತ ಸ್ತ್ರೀಲಿಂಗಗಳು ಕನ್ನಡದಲ್ಲಿ ಎಕಾರಾಂತವಾಗುತ್ತವೆ: ಮಾಲಾ ಮಾಲೆ, ಸೀತಾ ಸೀತೆ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿ ಮುಗಿಸಿದ್ದಾನೆ. ಆದ್ದರಿಂದ 'ಆದ್ಯೆ'. 'ಆದ್ಯೆಯ ನಾಮಕರಣ' ಎಂದು ಅಚ್ಚು ಹಾಕಿಸಿ.

ತುಮಕೂರಿನ ಸೋದರತ್ತೆ:
ಸಾರ್, ಹಾಗೆ ಹಾಕಿಸಿದರೆ ಅತ್ತಿಗೆ ತೊಟ್ಟಿಲ ಸಮೇತ ತವರಿಗೆ ಹೋಗ್ತಾರೆ.

ಶಿವಮೊಗ್ಗದಿಂದ:
ಮೇಷ್ಟ್ರೇ, ಅಂಕಿತನಾಮಕ್ಕೆ ಆ ಸೂತ್ರ ಹೇರಬೇಡಿ. ವಿದ್ಯೆ ಕಲಿಯುವಂಥದ್ದು, ವಿದ್ಯಾ ಪಕ್ಕದ ಮನೆಯವಳು. 'ವಿದ್ಯೆ ಬಸ್ಸಿಗೆ ಕಾಯ್ತಿದ್ದಾಳೆ' ಅಂತ ನೀವಾದರೂ ಅಂತೀರಾ?
ಅತ್ತಿಗೆಯವರು ಹೇಳೋದು ಸರಿ. ಸಂಸ್ಕೃತದಲ್ಲಿ ಸ್ತ್ರೀಲಿಂಗ ಆದ್ಯಾ. ಹ್ರಸ್ವದ ಆದ್ಯ ಅಂದರೆ ನನಗೆ ಮೊದಲು ನೆನಪಾಗೋದು ನಾಟಕಕಾರ ಶ್ರೀರಂಗರು, ಆದ್ಯ ರಂಗಾಚಾರ್ಯರು. ವಿಭಕ್ತಿ ಹತ್ತಿದಾಗ ಬಾಯಲ್ಲಿ 'ಆದ್ಯಳ' ಅಂತಲೇ ಬರುತ್ತೆ, ಬರಲಿ. ಕೂಗುವಾಗ ಹೇಗಿದ್ದರೂ ದೀರ್ಘವೇ. ಕಿವಿಯಲ್ಲಿ 'ಆದ್ಯಾ' ಅಂತ ಹೇಳಿ.

ಬೆಂಗಳೂರಿನಿಂದ:
ಸಂಸ್ಕೃತದ ಜುಟ್ಟು ಹಿಡಿದೇ ಎಲ್ಲರ ಜಗಳ! ಕನ್ನಡಿಗರ ನಾಲಗೆಗೆ ದ-ಧ ಒಂದೇ. ಮಹಾಪ್ರಾಣ ಬರೆಯುವುದೇ ಬೇಡ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಹೇಳಿಲ್ಲವೇ? ಅಷ್ಟಕ್ಕೂ ಅಚ್ಚಗನ್ನಡ ಹೆಸರುಗಳಿಗೆ ಬರವೇ? ಸಿರಿ ಇದೆ, ಇಂಚರ ಇದೆ.

ಮೈಸೂರಿನ ನಿವೃತ್ತ ಮೇಷ್ಟ್ರು:
ಸಿರಿ ಶ್ರೀಯ ತದ್ಭವ. ಇಂಚರದ 'ಚರ' ಮೂಲತಃ 'ಸರ', ಅದು ಸ್ವರದ ತದ್ಭವ. ಬೇರೆ ಹುಡುಕಿ.

ಹುಬ್ಬಳ್ಳಿಯ ಡಿಟಿಪಿಯವರು:
ಸಿರಿ ಅಂತ ಕರದ್ರ ಐಫೋನ್ 'ಓ' ಅಂತೈತಿ.

ಬೆಂಗಳೂರಿನಿಂದ:
ತದ್ಭವವೂ ಕನ್ನಡವೇ ಸ್ವಾಮಿ. ನಮ್ಮ ನಾಲಗೆ ತಿದ್ದಿಕೊಂಡ ಮೇಲೆ ಅದು ನಮ್ಮದು.

ಶಿವಮೊಗ್ಗದಿಂದ:
ಹಾಗಿದ್ದರೆ 'ಆಧ್ಯ'ವೂ ತದ್ಭವವೇ. ಪ್ರೆಸ್ಸಿನವರ ಫೋನು ತಿದ್ದಿಕೊಂಡದ್ದು.
ಅಂದಹಾಗೆ ಅಮ್ಮಾ, ಜನನ ಪ್ರಮಾಣಪತ್ರದಲ್ಲಿ ಇನ್ನೂ ಹೆಸರು ಸೇರಿಲ್ಲದಿದ್ದರೆ ಗಾಬರಿ ಬೇಡ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಕನ್ನಡದ ಹೆಸರನ್ನು ಬೇರೆಯಾಗಿ ಬರೆದುಕೊಡಿ, ಇಂಗ್ಲಿಷ್ ನೋಡಿ ಬರೆದುಕೊಳ್ಳಲು ಬಿಡಬೇಡಿ.

ತುಮಕೂರಿನ ಸೋದರತ್ತೆ:
ದೀರ್ಘ ಇಟ್ಟು, ದ ಉಳಿಸಿ, ವಿಭಕ್ತಿಯ ತಂಟೆಯೇ ಬೇಡ ಅಂತ 'ನಾಮಕರಣ' ಒಂದು ಸಾಲು, 'ಕು. ಆದ್ಯಾ' ಕೆಳಗಿನ ಸಾಲು ಮಾಡಿಸಿದೆ. ಎರಡನೇ ಪ್ರೂಫ್ ಈಗ ಬಂತು. ಹೆಸರು ಸರಿಯಾಗಿದೆ. ಕೆಳಗೆ 'ತಾವು ಬಂದು ಆರ್ಶೀವದಿಸಬೇಕು' ಅಂತಿದೆ.